ಬಿ.ಎಸ್ಸಿ. ಆದ ಮೇಲೆ ದೈವಶಾಸ್ತ್ರ: ಬಲ್ಮಠಕ್ಕೆ ಹೋಗಲೇ, ಬೆಂಗಳೂರಿಗೆ ಹೋಗಲೇ?

ನೇಕಾರರ ಮಗಳು

ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಎಂದು ಬಹಳ ದಿನ ತಡೆದುಕೊಂಡಿದ್ದೆ. ಈಗ ಬರೆಯುತ್ತಿದ್ದೇನೆ.

ನನ್ನದು ಗದಗ ಕಡೆಯ ಒಂದು ಊರು. ಅಪ್ಪ ಮಗ್ಗದಲ್ಲಿ ಸೀರೆ ನೇಯುತ್ತಾರೆ, ಅವ್ವ ಕಂಡಿಕೆ ಸುತ್ತುತ್ತಾಳೆ. ನಮ್ಮ ಸಭೆ, ಅಂದರೆ ಚರ್ಚು, ಮುತ್ತಜ್ಜನ ಕಾಲಕ್ಕೆ ಬಾಸೆಲ್ ಮಿಶನ್ ಎಂಬ ಯುರೋಪಿನ ಮಿಶನರಿ ಸಂಸ್ಥೆಯದು, ಈಗ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ). ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಎರಡು ವರ್ಷದಿಂದ ಹುಬ್ಬಳ್ಳಿಯಲ್ಲಿ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೇನೆ. ಸಂಬಳ ಸಾಕಷ್ಟಿದೆ. ಮನೆಯಲ್ಲಿ ಮದುವೆಯ ಮಾತು ನಡೆದಿದೆ.

ಕಳೆದ ವರ್ಷ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ಐದು ಸಭೆ ನೋಡಿಕೊಳ್ಳುವವರು. ಆ ರಾತ್ರಿ ಇನ್ನೊಂದು ಊರಿನಲ್ಲಿದ್ದರು, ಹಳ್ಳ ಬಂದು ದಾರಿ ಕಟ್ಟಿತ್ತು. ಅವರದೇನೂ ತಪ್ಪಿಲ್ಲ. ಅಪ್ಪ ಸತ್ಯವೇದವನ್ನು (ಬೈಬಲನ್ನು) ನನ್ನ ಕೈಗೆ ಕೊಟ್ಟು "ನೀನೇ ಓದು" ಎಂದರು. ಇಪ್ಪತ್ತಮೂರನೆಯ ಕೀರ್ತನೆ ಓದತೊಡಗಿದೆ. ಮೊದಲ ಸಾಲು ಮುಗಿಯುತ್ತಿದ್ದಂತೆ ಅಜ್ಜಿ ಕೈ ಎತ್ತಿ ನಿಲ್ಲಿಸಿದಳು. ಅವಳಿಗೆ ದಮ್ಮಿನ ಕಾಯಿಲೆ, ಒಂದು ಮಾತಿಗೆ ನಾಲ್ಕು ಉಸಿರು ಬೇಕಿತ್ತು. "ಕೊರತೆಪಡೆನು ಎಂದು ಓದಿದೆಯಲ್ಲ ಮಗಳೇ, ನನಗೆ ಈಗ ಉಸಿರಿಗೇ ಕೊರತೆ" ಎಂದಳು. ಸಿಟ್ಟಿನಿಂದ ಹೇಳಿದ ಮಾತಲ್ಲ, ನಿಜವಾಗಿ ಕೇಳಿದ ಮಾತು. ನನಗೆ ಉತ್ತರ ಗೊತ್ತಿರಲಿಲ್ಲ. ಉಳಿದ ಸಾಲುಗಳನ್ನು ಓದಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕುಳಿತೆ. ಬೆಳಗಿನ ಜಾವ ಹೋದಳು.

ಅಂದಿನಿಂದ ಒಂದೇ ಯೋಚನೆ. ದೈವಶಾಸ್ತ್ರ ಓದಬೇಕು, ಸಭಾಪಾಲನೆಗೆ ಇಳಿಯಬೇಕು. ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿಗೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿಗೆ ಹೋಗಲೇ, ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿಗೆ ಹೋಗಲೇ? ಅಥವಾ ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮದ ಎಂ.ಎ. ಇದೆಯಂತೆ, ಅದು ಸಾಕೇ? ಓದಿದವರು, ಓದಿಸಿದವರು ದಯವಿಟ್ಟು ಹೇಳಿ.

ಪ್ರಾರ್ಥನಾ ಕೂಟ

ತಂಗಿ, ದೇವರ ಕರೆ ಇದೆ ಎನ್ನುವುದು ನಿನ್ನ ಮಾತಿನಲ್ಲಿಯೇ ಕಾಣುತ್ತದೆ. ಆದರೆ ನನ್ನ ತಮ್ಮನ ವಿಷಯ ಹೇಳಲೇಬೇಕು. ಉರಿಯುವ ನಂಬಿಕೆಯಿಂದ ಓದಲು ಹೋದವನು. ಮೊದಲ ವರ್ಷದ ರಜೆಯಲ್ಲಿ ಮನೆಗೆ ಬಂದು, ಮೋಶೆಯ ಐದು ಪುಸ್ತಕಗಳನ್ನು ಮೋಶೆ ಒಬ್ಬನೇ ಬರೆದದ್ದಲ್ಲ, ಸೃಷ್ಟಿಯ ಕಥೆಯೇ ಎರಡಿವೆ ಎಂದು ಅಪ್ಪನೊಂದಿಗೆ ವಾದಕ್ಕೆ ನಿಂತ. ಅಪ್ಪ ಊಟ ಬಿಟ್ಟು ಎದ್ದು ಹೋದರು. ಎರಡನೆಯ ವರ್ಷ ಓದು ಬಿಟ್ಟ, ಈಗ ಸಭೆಗೂ ಬರುವುದಿಲ್ಲ. ಪದವಿ ಇಲ್ಲದೆಯೂ ಸೇವೆ ಮಾಡಬಹುದು. ಮೊಣಕಾಲೂರಿ ಓದಿದ ವಾಕ್ಯವೇ ಸಾಕು. ಯೇಸುವಿನ ಶಿಷ್ಯ ಪೇತ್ರ ಯಾವ ಕಾಲೇಜಿಗೆ ಹೋಗಿದ್ದ?

ಬಲ್ಮಠದ ಹಳೆಯ ವಿದ್ಯಾರ್ಥಿ

ಅಕ್ಕಾ, ನಿಮ್ಮ ತಮ್ಮನ ಕಥೆ ಓದಿ ನೋವಾಯಿತು. ಅಂಥವರು ನನ್ನ ತರಗತಿಯಲ್ಲಿಯೂ ಇದ್ದರು, ಆದ್ದರಿಂದ ಹಾಗೇನೂ ಆಗುವುದಿಲ್ಲ ಎಂದು ಹೇಳಲಾರೆ. ನಾನು ಇಪ್ಪತ್ತೆರಡು ವರ್ಷದಿಂದ ಸಭಾಪಾಲಕ. ನನಗೇ ಆದದ್ದನ್ನು ಹೇಳುತ್ತೇನೆ.

ಎರಡನೆಯ ವರ್ಷ ಮಾರ್ಕನ ಸುವಾರ್ತೆಯ ಪಾಠ. ಗ್ರೀಕ್ ಸುವಾರ್ತೆಯ ಅಡಿಟಿಪ್ಪಣಿಯನ್ನು ಗುರುಗಳು ಗಟ್ಟಿಯಾಗಿ ಓದಿಸಿದರು. ನಾಲ್ಕನೆಯ ಶತಮಾನದ ಎರಡು ಹಳೆಯ ಹಸ್ತಪ್ರತಿಗಳಲ್ಲಿ, ಅಂದರೆ ಸಿನಾಯ್ ಪ್ರತಿಯಲ್ಲಿಯೂ ವ್ಯಾಟಿಕನ್ ಪ್ರತಿಯಲ್ಲಿಯೂ, ಆ ಸುವಾರ್ತೆ ಹದಿನಾರನೆಯ ಅಧ್ಯಾಯದ ಎಂಟನೆಯ ವಚನಕ್ಕೇ ನಿಂತುಬಿಡುತ್ತದೆ. ಹೆಂಗಸರು ಸಮಾಧಿಯಿಂದ ಓಡಿ ಹೋದರು, ಭಯದಿಂದ ಯಾರಿಗೂ ಏನೂ ಹೇಳಲಿಲ್ಲ, ಅಷ್ಟೇ. ಎದ್ದ ಕರ್ತನು ಕಾಣಿಸಿಕೊಂಡ ಮುಂದಿನ ವಚನಗಳು ಅವುಗಳಲ್ಲಿ ಇಲ್ಲ. ಆ ರಾತ್ರಿ ಹಾಸ್ಟೆಲಿನಲ್ಲಿ ನಾನು ನಿದ್ದೆ ಮಾಡಲಿಲ್ಲ. ಮೂರು ತಿಂಗಳು ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಕೊನೆಗೆ ಗುರುಗಳ ಮನೆಗೆ ಹೋಗಿ ಹೇಳಿಕೊಂಡೆ. ಅವರು ವಾದ ಮಾಡಲಿಲ್ಲ. ಮುಂದಿನ ಭಾನುವಾರ ತಮ್ಮೊಂದಿಗೆ ಒಂದು ಸಾವಿನ ಮನೆಗೆ ಕರೆದುಕೊಂಡು ಹೋದರು. ಮಗನನ್ನು ಕಳೆದುಕೊಂಡ ತಾಯಿ ಮೂಲೆಯಲ್ಲಿ ಮಾತಿಲ್ಲದೆ ಕುಳಿತಿದ್ದಳು. ಭಯಪಟ್ಟು ಯಾರಿಗೂ ಏನೂ ಹೇಳದ ಹೆಂಗಸರು ಯಾರೆಂದು ನನಗೆ ಅಲ್ಲಿ ಗೊತ್ತಾಯಿತು. ಅಂದಿನಿಂದ ಪುನರುತ್ಥಾನದ ಭಾನುವಾರ ನಾನು ಪ್ರಸಂಗ ಮಾಡುವುದು ಆ ಎಂಟನೆಯ ವಚನದಿಂದಲೇ.

ಓದು ನಂಬಿಕೆಯನ್ನು ಅಲ್ಲಾಡಿಸುತ್ತದೆ. ಅಲ್ಲಾಡುವಾಗ ಹಿಡಿದುಕೊಳ್ಳಲು ಒಬ್ಬ ಗುರು, ಒಂದು ಸಭೆ ಬೇಕು. ನಿಮ್ಮ ತಮ್ಮನಿಗೆ ಅದು ಸಿಗಲಿಲ್ಲವೇನೋ. ಪೇತ್ರನಿಗಾದರೂ ಮೂರು ವರ್ಷ ಗುರುವಿನೊಂದಿಗೇ ಊಟ, ಗುರುವಿನೊಂದಿಗೇ ನಿದ್ದೆ. ಅದೂ ಒಂದು ವಿದ್ಯಾಭ್ಯಾಸವೇ.

ಇನ್ನು ತಂಗಿಯ ಪ್ರಶ್ನೆ. ಮೊದಲು ಪದವಿಯ ವಿಷಯ ತಿಳಿದಿರಲಿ. ಬಲ್ಮಠ, ಬೆಂಗಳೂರು ಎರಡಕ್ಕೂ ಬಿ.ಡಿ. ಕೊಡುವುದು ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್. ಹೂಗ್ಲಿ ನದಿಯ ದಡದಲ್ಲಿ 1818ರಲ್ಲಿ ವಿಲಿಯಂ ಕೇರಿ, ಜೋಶುವ ಮಾರ್ಷ್‌ಮನ್, ವಿಲಿಯಂ ವಾರ್ಡ್ ಕಟ್ಟಿದ ಕಾಲೇಜು ಅದು. ಊರು ಆಗ ಡೇನರ ಕೈಯಲ್ಲಿತ್ತು. 1827ರಲ್ಲಿ ಡೆನ್ಮಾರ್ಕಿನ ಅರಸ ಆರನೆಯ ಫ್ರೆಡರಿಕ್ ಸನ್ನದು ಕೊಟ್ಟು ಪದವಿ ನೀಡುವ ಅಧಿಕಾರ ದಯಪಾಲಿಸಿದ. 1845ರಲ್ಲಿ ಊರು ಇಂಗ್ಲಿಷರ ಪಾಲಾದರೂ ಆ ಹಕ್ಕು ಉಳಿಯಿತು. 1918ರ ಸೆರಾಂಪುರ ಕಾಲೇಜು ಕಾಯಿದೆ ಅದನ್ನು ಗಟ್ಟಿ ಮಾಡಿತು. ಮದ್ರಾಸ್, ಬೊಂಬಾಯಿ, ಕಲ್ಕತ್ತ ವಿಶ್ವವಿದ್ಯಾಲಯಗಳು ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲೇ ಪದವಿಯ ಹಕ್ಕು ಪಡೆದ ಜಾಗ ಅದು. ನಮ್ಮ ಸಭೆಯವರಿಗೇ ಇದು ಗೊತ್ತಿಲ್ಲವಲ್ಲ ಎಂದು ನನಗೆ ಬೇಸರ.

ಬಿ.ಎಸ್ಸಿ. ಆದವರಿಗೆ ಬಿ.ಡಿ. ನಾಲ್ಕು ವರ್ಷ. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಸಭಾಚರಿತ್ರೆ, ದೈವಶಾಸ್ತ್ರ, ಧರ್ಮಗಳ ಅಧ್ಯಯನ, ಸಭಾಪಾಲನೆ, ಸ್ತ್ರೀ ಅಧ್ಯಯನ ಎಲ್ಲವೂ ಇರುತ್ತವೆ. ಹೀಬ್ರೂ ಇಲ್ಲವೇ ಗ್ರೀಕ್ ಕಲಿಯಬೇಕು. ವಾರದ ಕೊನೆಗೆ ಯಾವುದಾದರೂ ಸಭೆಗೆ ಕಳುಹಿಸುತ್ತಾರೆ. ಭಾನುವಾರದ ಶಾಲೆ, ಆಸ್ಪತ್ರೆ ಭೇಟಿ, ಪ್ರಸಂಗ ಎಲ್ಲವನ್ನೂ ಅಲ್ಲಿಯೇ ಕೈಹಿಡಿದು ಕಲಿಸುತ್ತಾರೆ.

ಬಲ್ಮಠದ ಕಾಲೇಜು ಈಗಿನ ರೂಪಕ್ಕೆ ಬಂದದ್ದು 1965ರಲ್ಲಿ. ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯೂ (ಸಭಾಪಾಲಕರನ್ನು ತಯಾರು ಮಾಡುವ ಶಾಲೆ) ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೂ ಸೇರಿ ಒಂದಾದವು. ಅಲ್ಲಿ ಕನ್ನಡದಲ್ಲಿ ಓದಬಹುದು, ಕನ್ನಡದಲ್ಲಿ ಬರೆಯಬಹುದು. ನಾನು ಬಲ್ಮಠದವನು, ಬಲ್ಮಠಕ್ಕೇ ಬಾ ಎನ್ನುತ್ತೇನೆ. ಅದಕ್ಕೆ ಕಾರಣವನ್ನು ನಾಳೆ ಬರೆಯುತ್ತೇನೆ. ಈಗ ಸಾವಿನ ಮನೆಗೆ ಹೋಗಬೇಕಾಗಿದೆ.

ಮೈಸೂರು ಎಂ.ಎ.

ನಾನು ಮೈಸೂರಿನ ಕ್ರೈಸ್ತಧರ್ಮ ಅಧ್ಯಯನ ವಿಭಾಗದಲ್ಲಿ ಓದಿದವನು. ನೇರವಾಗಿ ಹೇಳುತ್ತೇನೆ, ಸಭಾಪಾಲನೆಗೆ ಆ ಎಂ.ಎ. ಸಾಕಾಗುವುದಿಲ್ಲ. ಅಲ್ಲಿ ಒಂದು ಧರ್ಮವನ್ನು ವಿದ್ಯಾವಿಷಯವಾಗಿ ಓದುತ್ತೇವೆ. ಯಾವ ಧರ್ಮದವರಾದರೂ ಸೇರಬಹುದು, ನಂಬಿಕೆ ಇರಲೇಬೇಕೆಂಬ ಕಟ್ಟು ಇಲ್ಲ. ಅದರ ಬೆಲೆ ದೊಡ್ಡದು. ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಧರ್ಮಗಳ ತುಲನಾತ್ಮಕ ಅಧ್ಯಯನ ಎಂಬ ವಿಷಯವೇ ಇದೆ, ಅಧ್ಯಾಪಕರಾಗುವವರಿಗೆ ಅದು ದಾರಿ. ಪೀಠದ ಮೇಲೆ ನಿಲ್ಲಬೇಕೆಂಬವರಿಗೆ ಬಿ.ಡಿ.ಯೇ ಬೇಕು. ಮುಂದೆ ಸಾಮಾನ್ಯ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುವ ಆಸೆ ಇದ್ದರೆ ಬಿ.ಡಿ.ಯನ್ನು ಅಲ್ಲಿ ಒಪ್ಪುತ್ತಾರೋ ಇಲ್ಲವೋ ಎಂದು ಆಯಾ ವಿಶ್ವವಿದ್ಯಾಲಯವನ್ನೇ ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ. ಬಾಯಿ ಮಾತನ್ನು ನಂಬಬೇಡಿ.

ಬೆನ್ಸನ್ ಟೌನ್ ನೆನಪು

ನಾನು ಬೆಂಗಳೂರಿನ ಬೆನ್ಸನ್ ಟೌನಿನಲ್ಲಿರುವ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನವಳು. 1910ರಲ್ಲಿ ಹಲವು ಮಿಶನ್‌ಗಳು ಕೂಡಿ ಕಟ್ಟಿದ ಕಾಲೇಜು. ರಸೆಲ್ ಚಂದ್ರನ್ 1954ರಲ್ಲಿ ಅದರ ಮೊದಲ ಭಾರತೀಯ ಪ್ರಾಂಶುಪಾಲರಾಗಿ 1983ರವರೆಗೆ ನಡೆಸಿದರು. ಸಿ.ಎಸ್.ಐ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ ಮೇಲೆ ಅದರ ಎಷ್ಟೋ ಚಿಂತನೆ ಆ ತರಗತಿಗಳಲ್ಲಿ ಬೆಳೆಯಿತು.

ಬಲ್ಮಠದ ಅಣ್ಣನವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನಾನೂ ಕನ್ನಡ ಮಾಧ್ಯಮದವಳು, ಕೋಲಾರದ ಹಳ್ಳಿಯವಳು. ಮೊದಲ ಆರು ತಿಂಗಳು ಬಹಳ ಕಷ್ಟವಾಯಿತು. ಒಂದು ಪುಟಕ್ಕೆ ಮೂವತ್ತು ಸಲ ನಿಘಂಟು ನೋಡುತ್ತಿದ್ದೆ. ಪ್ರಬಂಧ ಓದಬೇಕಾದ ದಿನ ಬಚ್ಚಲು ಮನೆಯಲ್ಲಿ ಅತ್ತಿದ್ದೇನೆ. ಆದರೆ ನನ್ನ ಕೋಣೆಯ ಜೊತೆಗಾತಿ ಮಿಜೋರಾಮಿನವಳು, ಎದುರು ಕೋಣೆಯವರು ಕೇರಳ, ಆಂಧ್ರ, ನಾಗಾಲ್ಯಾಂಡಿನವರು. ಮಿಜೋ ಹುಡುಗಿ ತನ್ನ ಬೆಟ್ಟದ ಸಭೆಯ ಹಾಡು ಹೇಳಿದಾಗ ಸಭೆ ಎಂದರೆ ನಮ್ಮೂರಿನ ಹೆಂಚಿನ ಕಟ್ಟಡವಷ್ಟೇ ಅಲ್ಲ ಎಂದು ತಿಳಿಯಿತು. ಗ್ರಂಥಾಲಯವೂ ದೊಡ್ಡದು. ಎಂ.ಟಿಎಚ್. (ದೈವಶಾಸ್ತ್ರದ ಸ್ನಾತಕೋತ್ತರ ಪದವಿ) ಮಾಡುವುದಾದರೆ ಇಂಗ್ಲಿಷ್ ಹೇಗೂ ಬೇಕು. ಕನ್ನಡದಲ್ಲಿ ಹೊಸ ದೈವಶಾಸ್ತ್ರದ ಪುಸ್ತಕಗಳು ಎಷ್ಟಿವೆ ಹೇಳಿ? ಬೆರಳೆಣಿಕೆಯಷ್ಟು. ಬಡವರ ಮನೆಯ ಹೆಣ್ಣುಮಗಳನ್ನು "ನಿನಗೆ ಕನ್ನಡವೇ ಸಾಕು" ಎಂದು ಕೂರಿಸುವುದು ಅನ್ಯಾಯ.

ಸಿಸ್ಟರ್, ಮಂಗಳೂರು

ಕಥೋಲಿಕರ ಕಡೆಯ ದಾರಿ ಬೇರೆ, ಆದರೂ ಗೊತ್ತಿರಲೆಂದು ಬರೆಯುತ್ತೇನೆ. ಜೆಪ್ಪುವಿನ ಸಂತ ಜೋಸೆಫರ ಸೆಮಿನರಿ 1879ರಲ್ಲಿ ಆರಂಭವಾದದ್ದು. ಬೆಂಗಳೂರಿನಲ್ಲಿ ಮಲ್ಲೇಶ್ವರದ ಸಂತ ಪೇತ್ರರ ಸೆಮಿನರಿ, ಹೊಸೂರು ರಸ್ತೆಯ ಧರ್ಮಾರಾಮ್ ಇವೆ. ಗುರುಗಳಾಗುವವರು, ಅಂದರೆ ಪಾದ್ರಿಗಳಾಗುವವರು, ಮೊದಲು ತತ್ತ್ವಶಾಸ್ತ್ರ, ನಡುವೆ ಧರ್ಮಕೇಂದ್ರದಲ್ಲಿ ಸೇವೆ, ಆಮೇಲೆ ನಾಲ್ಕು ವರ್ಷ ದೈವಶಾಸ್ತ್ರ ಓದುತ್ತಾರೆ. ಒಟ್ಟಿನಲ್ಲಿ ಹತ್ತು ವರ್ಷದ ಹತ್ತಿರ. ನಮ್ಮಲ್ಲಿ ಸ್ತ್ರೀಯರಿಗೆ ಗುರುದೀಕ್ಷೆ ಇಲ್ಲ, ಓದಿಗೆ ತಡೆಯಿಲ್ಲ. ನಾನು ದೈವಶಾಸ್ತ್ರ ಓದಿ ಹದಿನೈದು ವರ್ಷದಿಂದ ಧರ್ಮೋಪದೇಶ ಮಾಡುವವರಿಗೆ ತರಬೇತಿ ಕೊಡುತ್ತಿದ್ದೇನೆ. ಅಜ್ಜಿಯ ಪಕ್ಕದಲ್ಲಿ ಕುಳಿತೆಯಲ್ಲ ಮಗಳೇ, ಅದನ್ನು ಕಡಿಮೆ ಎಂದು ತಿಳಿಯಬೇಡ.

ಬಲ್ಮಠದ ಹಳೆಯ ವಿದ್ಯಾರ್ಥಿ

ಕಾರಣ ಬರೆಯುತ್ತೇನೆ ಎಂದಿದ್ದೆ. ಬೆನ್ಸನ್ ಟೌನ್ ತಂಗಿ, ನಿಮ್ಮ ಕೊನೆಯ ಮಾತು ನನಗೆ ನಾಟಿತು. ಕನ್ನಡವೇ ಸಾಕು ಎಂದು ನಾನು ಹೇಳುತ್ತಿಲ್ಲ. ಕನ್ನಡಕ್ಕೆ ಇಳಿಯದ ಓದು ನಮ್ಮ ಸಭೆಗಳಿಗೆ ಸಾಲದು ಎನ್ನುತ್ತೇನೆ. ಅಜ್ಜಿಯ ಪ್ರಶ್ನೆಯಿಂದಲೇ ತೋರಿಸುತ್ತೇನೆ.

"ಕೊರತೆಪಡೆನು" ಎಂಬುದಕ್ಕೆ ಹೀಬ್ರೂವಿನಲ್ಲಿ "ಲೋ ಎಖ್ಸಾರ್" ಎಂದಿದೆ. ಅದೇ ಕ್ರಿಯಾಪದ ಧರ್ಮೋಪದೇಶಕಾಂಡದ ಎರಡನೆಯ ಅಧ್ಯಾಯದಲ್ಲಿ ಬರುತ್ತದೆ. ನಲವತ್ತು ವರ್ಷ ಅರಣ್ಯದಲ್ಲಿ ಅಲೆದ ಜನರಿಗೆ, ನಿಮಗೆ ಏನೂ ಕೊರತೆಯಾಗಲಿಲ್ಲ ಎಂದು ಮೋಶೆ ಹೇಳುತ್ತಾನೆ. ಆ ನಲವತ್ತು ವರ್ಷಗಳಲ್ಲಿ ಬಾಯಾರಿಕೆ ಇತ್ತು, ಹಾವು ಇತ್ತು, ಸಾವು ಇತ್ತು. ಪ್ರವಾದಿ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟ ವಿಧವೆಯ ಎಣ್ಣೆ ಮೊಗೆ ಬರಿದಾಗಲಿಲ್ಲ ಎನ್ನುವಲ್ಲಿಯೂ ಅದೇ ಪದ. ಅವಳ ಮಗನೂ ಮುಂದೆ ಕಾಯಿಲೆ ಬಿದ್ದು ಉಸಿರು ಬಿಟ್ಟವನೇ. ಅಂದರೆ ಆ ಪದ ನೋವಿಲ್ಲದವರ ಬಾಯಿಂದ ಬಂದದ್ದಲ್ಲ.

ಇನ್ನು ನೀನು ಓದದೆ ಬಿಟ್ಟ ಮೂರನೆಯ ವಚನ. ನನ್ನ ಪ್ರಾಣವನ್ನು ಉಜ್ಜೀವಿಸುತ್ತಾನೆ ಎಂಬ ಅರ್ಥದ ಸಾಲು. ಅಲ್ಲಿರುವ ಹೀಬ್ರೂ ಪದ "ನೆಫೆಷ್". ಅದಕ್ಕೆ ಗಂಟಲು ಎಂಬ ಅರ್ಥವೂ ಇದೆ, ಉಸಿರು, ಜೀವ ಎಂಬ ಅರ್ಥಗಳೂ ಇವೆ. ಕ್ರಿಯಾಪದ ಮರಳುವುದಕ್ಕೆ ಸಂಬಂಧಿಸಿದ್ದು. ಹೋಗುತ್ತಿರುವ ಉಸಿರನ್ನು ಗಂಟಲಿಗೆ ಮರಳಿ ತರುವವನು ಎಂದು ಓದಿಕೊಂಡರೆ ತಪ್ಪಾಗುವುದಿಲ್ಲ. ನಿಮ್ಮ ಅಜ್ಜಿ ಕೇಳಿದ್ದು ಕೀರ್ತನೆಗೆ ಹೊರಗಿನ ಪ್ರಶ್ನೆಯಲ್ಲ ತಂಗಿ, ಕೀರ್ತನೆಯೇ ಎರಡು ವಚನ ದಾಟಿ ಆ ಗಂಟಲಿಗೇ ಬಂದು ನಿಲ್ಲುತ್ತದೆ.

ಹೀಬ್ರೂ ಬಲ್ಲವನಿಗೆ ಅರ್ಧ ತಿಳಿಯುತ್ತದೆ. ಉಳಿದರ್ಧಕ್ಕೆ ಕನ್ನಡ ಬೇಕು. ನಮ್ಮ ಭಾಷಾಂತರಕಾರರು ಇಲ್ಲಿ "ಆತ್ಮ" ಎಂದು ಹಾಕದೆ "ಪ್ರಾಣ" ಎಂದು ಹಾಕಿದ್ದಾರೆ. ಆ ಒಂದು ಪದಕ್ಕೆ ಅವರು ಎಷ್ಟು ದಿನ ಕುಳಿತಿದ್ದರೋ! ಬಲ್ಮಠದ ಗ್ರಂಥಾಲಯದಲ್ಲಿ ಬಾಸೆಲ್ ಮಿಶನ್ ಕಾಲದ ಕನ್ನಡ ಮುದ್ರಣಗಳಿವೆ. ಹಳೆಯ ಪುಟಗಳನ್ನು ಮೆಲ್ಲಗೆ ತಿರುವುತ್ತ ಒಂದೊಂದು ಪದವನ್ನು ಹೇಗೆ ಬದಲಿಸಿದ್ದಾರೆ ಎಂದು ನೋಡುತ್ತ ಕುಳಿತ ಮಧ್ಯಾಹ್ನಗಳೇ ನನ್ನ ನಿಜವಾದ ಓದು.

ನಿವೃತ್ತ ಕನ್ನಡ ಮೇಷ್ಟ್ರು

ನಾನು ಲಿಂಗಾಯತ, ಧಾರವಾಡದವನು. ನಿಮ್ಮ ಚರ್ಚೆಯಲ್ಲಿ ಹೊರಗಿನವನು ಬಾಯಿ ಹಾಕುವುದಕ್ಕೆ ಕ್ಷಮೆ ಇರಲಿ. ಅಯ್ಯನವರು ಹೇಳಿದ "ಪ್ರಾಣ" ಓದಿ ಸುಮ್ಮನಿರಲು ಆಗಲಿಲ್ಲ. ಆ ಪದದ ಮೂಲಧಾತು "ಅನ್", ಉಸಿರಾಡು ಎಂದೇ ಅದರ ಅರ್ಥ. ಭಾಷಾಂತರಕಾರರು ಸರಿಯಾದ ಕೊಳಕ್ಕೇ ಕೊಡ ಇಳಿಸಿದ್ದಾರೆ.

ಕಿಟ್ಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎಪ್ಪತ್ತು ಸಾವಿರದಷ್ಟು ಪದಗಳು. ಆತ ಬಂದದ್ದು ಮತಪ್ರಚಾರಕನಾಗಿ. ಆದರೆ ಕ್ರಿಸ್ತನ ಚರಿತ್ರೆಯನ್ನು 1862ರಲ್ಲಿ "ಕಥಾಮಾಲೆ" ಎಂದು ಕನ್ನಡದ ಛಂದಸ್ಸಿನಲ್ಲಿಯೇ ಬರೆದ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಕೊಟ್ಟ. ಪರರ ಧರ್ಮದ ಮಾತನ್ನು ತಿಳಿಯದೆ ತನ್ನ ಧರ್ಮದ ಮಾತನ್ನು ಹೇಳಲಾಗದು ಎಂದು ಬಲ್ಲವನ ಕೆಲಸ ಅದು. ಮಗಳೇ, ಎಲ್ಲಿ ಓದಿದರೂ ಶರಣರ ವಚನಗಳನ್ನು ಬಿಡಬೇಡ. ನಿಮ್ಮ ಸಭೆಯವರ ಅಕ್ಕಪಕ್ಕದ ಮನೆಗಳಲ್ಲಿ ನಾವಿದ್ದೇವೆ. ಸಾವಿನ ಮನೆಗೆ ನಾವೂ ಬಂದು ಕುಳಿತುಕೊಳ್ಳುತ್ತೇವೆ, ನೀನು ಏನು ಹೇಳುತ್ತೀ ಎಂದು ಕೇಳಿಸಿಕೊಳ್ಳುತ್ತೇವೆ.

ನೆಕ್ಕರ್ ದಡದಿಂದ

ನಾನು ಜರ್ಮನಿಯ ಟ್ಯೂಬಿಂಗನ್ ಹತ್ತಿರ ಕೆಲಸ ಮಾಡುತ್ತಿರುವ ಎಂಜಿನಿಯರ್, ಊರು ಮೂಲ್ಕಿ. ಈ ಊರಿಗೂ ಮಂಗಳೂರಿಗೂ ನಂಟಿದೆ. 1477ರಲ್ಲಿ ಆರಂಭವಾದ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರ ಓದುವವರಿಗೆಂದು 1536ರಲ್ಲಿ ಡ್ಯೂಕ್ ಉಲ್ರಿಚ್ ಒಂದು ಸಂಸ್ಥೆ ಸ್ಥಾಪಿಸಿದ, ಅದನ್ನು ಶ್ಟಿಫ್ಟ್ ಎನ್ನುತ್ತಾರೆ. ಕೆಪ್ಲರ್, ಹೆಗೆಲ್ ಇಲ್ಲಿದ್ದು ಓದಿದವರು. 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಅವರೂ ಇಲ್ಲಿಯ ವಿದ್ಯಾರ್ಥಿ. ದಾಸರ ಪದ, ಬಸವಪುರಾಣ ಮೊದಲಾದವನ್ನು ಅಚ್ಚು ಹಾಕಿಸಿದ ಕೆಲಸಕ್ಕಾಗಿ ಇದೇ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1896ರಲ್ಲಿ ಕಿಟ್ಟೆಲ್ ಅವರಿಗೂ ಕೊಟ್ಟಿತು. ಭಾನುವಾರ ನೆಕ್ಕರ್ ಹೊಳೆಯ ಪಕ್ಕ ನಡೆಯುವಾಗ ಆ ಕಟ್ಟಡದ ಕಡೆ ನೋಡುತ್ತೇನೆ, ಮನಸ್ಸು ಬಲ್ಮಠದ ಗುಡ್ಡಕ್ಕೆ ಹೋಗುತ್ತದೆ.

ಇಲ್ಲಿ ದೈವಶಾಸ್ತ್ರ ಸರಕಾರಿ ವಿಶ್ವವಿದ್ಯಾಲಯದ ಒಂದು ವಿಭಾಗ. ಸಭಾಪಾಲಕಿಯಾಗುವವಳು ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂರರಲ್ಲಿಯೂ ಪರೀಕ್ಷೆ ಬರೆಯಬೇಕು. ಓದು ಮುಗಿದ ಮೇಲೆ ಒಂದು ಸಭೆಯಲ್ಲಿ ಎರಡು ವರ್ಷದಷ್ಟು ಕಾಲ ಹಿರಿಯರ ಕೈಕೆಳಗೆ ತರಬೇತಿ, ಆಮೇಲೆ ಇನ್ನೊಂದು ಪರೀಕ್ಷೆ. ನಮ್ಮ ಪಕ್ಕದ ಮನೆಯ ಹುಡುಗಿ ಈಗ ಆ ತರಬೇತಿಯಲ್ಲಿದ್ದಾಳೆ. ಈ ಚರ್ಚೆಯನ್ನು ಅವಳಿಗೆ ಹೇಳಿದೆ. "ಲ್ಯಾಟಿನ್ ನನಗೆ ಬಹಳ ಬೇಗ ಬಂತು, ವೃದ್ಧಾಶ್ರಮದಲ್ಲಿ ಮಾತಾಡುವುದು ಇನ್ನೂ ಬಂದಿಲ್ಲ" ಎಂದಳು.

ಅಮ್ಮನವರು

ತಂಗಿ, ನಾನು ಸಿ.ಎಸ್.ಐ. ಪ್ರೆಸ್ಬಿಟರ್, ಅಂದರೆ ದೀಕ್ಷೆ ಪಡೆದ ಸಭಾಪಾಲಕಿ, ಹನ್ನೊಂದು ವರ್ಷವಾಯಿತು. ಯಾರೂ ಹೇಳದ ಎರಡು ಮಾತು ಹೇಳಬೇಕು.

ಒಂದನೆಯದು. ಕಾಲೇಜು ಆರಿಸುವುದು ನಿನ್ನೊಬ್ಬಳ ಕೈಯಲ್ಲಿಲ್ಲ. ಸಭೆಯ ಸೇವೆಗೆ ಇಳಿಯಬೇಕಾದರೆ ಡಯಾಸಿಸ್ (ಬಿಷಪ್ಪರ ಆಡಳಿತದ ಪ್ರಾಂತ) ನಿನ್ನನ್ನು ಅಭ್ಯರ್ಥಿಯಾಗಿ ಕಳುಹಿಸಬೇಕು. ಮೊದಲು ನಿಮ್ಮ ಅಯ್ಯನವರ ಬಳಿ ಮಾತಾಡು. ಸಭೆಯ ಸಮಿತಿ ಶಿಫಾರಸು ಮಾಡಬೇಕು, ಆಮೇಲೆ ಡಯಾಸಿಸ್ ಕಚೇರಿ ಇರುವ ಧಾರವಾಡದಲ್ಲಿ ಸಂದರ್ಶನ. ಸ್ವಂತ ಖರ್ಚಿನಲ್ಲಿ ಓದಿ ಪದವಿ ತಂದರೂ ಸಭೆ ಸಿಗುತ್ತದೆಂಬ ಭರವಸೆ ಇಲ್ಲ. ಹಾಗೆ ಓದಿ ಕಾಯುತ್ತ ಕುಳಿತ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಪದವಿಯ ನಂತರವೂ ಮೊದಲು ಡೀಕನ್ (ದೀಕ್ಷೆಯ ಮೊದಲ ಹಂತ), ಆಮೇಲೆ ಪ್ರೆಸ್ಬಿಟರ್. ಸಂಬಳ ಪ್ರಯೋಗಾಲಯದ ಸಂಬಳದಷ್ಟಿರುವುದಿಲ್ಲ, ಕೆಲವು ವರ್ಷಕ್ಕೊಮ್ಮೆ ವರ್ಗವೂ ಇರುತ್ತದೆ. ಮದುವೆಯಾಗುವ ಹುಡುಗನಿಗೆ ಇದನ್ನೆಲ್ಲ ಮೊದಲೇ ಹೇಳು.

ನಮ್ಮ ಸಭೆಯಲ್ಲಿ ಮೊದಲ ಸ್ತ್ರೀಗೆ ದೀಕ್ಷೆಯಾದದ್ದು 1976ರಲ್ಲಿ, ಎಲಿಜಬೆತ್ ಪಾಲ್ ಅವರಿಗೆ. ಮೊದಲ ಸ್ತ್ರೀ ಬಿಷಪ್ ಇ. ಪುಷ್ಪ ಲಲಿತಾ, 2013ರಲ್ಲಿ, ನಂದ್ಯಾಲದಲ್ಲಿ. ಬಾಗಿಲು ತೆರೆದು ಇಷ್ಟು ವರ್ಷವಾದರೂ ನಾನು ಮೊದಲ ಸಭೆಗೆ ಹೋದಾಗ ಒಬ್ಬ ಹಿರಿಯರು ಬಾಗಿಲಲ್ಲಿ ನಿಂತು "ಅಯ್ಯನವರು ಎಲ್ಲಿ?" ಎಂದು ಕೇಳಿದರು. ಅಯ್ಯನವರ ಹೆಂಡತಿಯನ್ನೂ ಅಮ್ಮನವರು ಎಂದೇ ಕರೆಯುವುದರಿಂದ ನನ್ನನ್ನು ಹಾಗೆಂದುಕೊಂಡಿದ್ದರು. ಅದೇ ಹಿರಿಯರು ಮೂರು ವರ್ಷದ ಮೇಲೆ, ತಮ್ಮ ಹೆಂಡತಿಗೆ ಕರ್ತನ ಭೋಜನವನ್ನು ನನ್ನ ಕೈಯಿಂದಲೇ ಕೊಡಿಸಬೇಕೆಂದು ರಾತ್ರಿ ಹನ್ನೊಂದಕ್ಕೆ ಬಂದು ಕರೆದರು.

ಎರಡನೆಯದು. ಅಣ್ಣನವರು ಹೇಳಿದ ನೆಫೆಷ್ ಬಹಳ ಚೆನ್ನಾಗಿದೆ, ನಾನೂ ಬರೆದಿಟ್ಟುಕೊಂಡೆ. ಆದರೆ ಅದನ್ನು ಅಜ್ಜಿಯ ಹಾಸಿಗೆಯ ಬಳಿ ವಿವರಿಸಬಾರದು. ಉಸಿರು ಕಟ್ಟಿದವರ ಮುಂದೆ ಪದದ ಅರ್ಥ ಬೇಡ. ಕಿಟಕಿ ತೆರೆ, ಬೆನ್ನಿಗೆ ದಿಂಬು ಕೊಡು, ಕೈ ಹಿಡಿ. ಅರ್ಥ ಬಲ್ಲವಳಾದರೆ, ಮೊದಲ ಸಾಲಿನಲ್ಲಿ ತಡೆದಾಗ ಪುಸ್ತಕ ಮುಚ್ಚುವುದಿಲ್ಲ. "ಹೌದು ಅಜ್ಜಿ, ಮುಂದೆ ಉಸಿರಿನ ಮಾತೇ ಬರುತ್ತದೆ, ಓದಲೇ?" ಎಂದು ಕೇಳುತ್ತೀ. ನಾಲ್ಕು ವರ್ಷದ ಓದು ಆ ಒಂದು ಮಾತಿಗೆ ಸಾಕು.

ಪ್ರಾರ್ಥನಾ ಕೂಟ

ಅಮ್ಮನವರ ಮಾತು ಓದಿ ಕಣ್ಣೀರು ಬಂತು. ಬಲ್ಮಠದ ಅಣ್ಣಾ, ಎಂಟನೆಯ ವಚನದ ವಿಷಯ ನೀವು ಬರೆದದ್ದನ್ನು ತಮ್ಮನಿಗೆ ಕಳುಹಿಸಿದ್ದೇನೆ. ಓದಿದ್ದಾನೆ. ಇನ್ನೂ ಉತ್ತರ ಬಂದಿಲ್ಲ.

ಬಲ್ಮಠದ ಹಳೆಯ ವಿದ್ಯಾರ್ಥಿ

ಉತ್ತರಕ್ಕೆ ಅವಸರ ಮಾಡಬೇಡಿ ಅಕ್ಕಾ. ನನ್ನ ದೂರವಾಣಿ ಸಂಖ್ಯೆಯನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿದ್ದೇನೆ. ಸಭೆಗೆ ಬಾ ಎಂದು ನಾನು ಹೇಳುವುದಿಲ್ಲ. ಮಾರ್ಕನ ಬಗ್ಗೆ ಮಾತಾಡೋಣ ಎಂದಷ್ಟೇ ಹೇಳಿ.

ನೇಕಾರರ ಮಗಳು

ಮೂರು ವಾರ ಬರೆಯಲಿಲ್ಲ, ಕ್ಷಮಿಸಿ. ಎಲ್ಲರ ಮಾತನ್ನೂ ಮಗ್ಗದ ಮನೆಯಲ್ಲಿ ಕುಳಿತು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಲಾಳಿ ನಿಲ್ಲಿಸಿ ಕೇಳಿದರು. ನೆಫೆಷ್ ಬಂದಾಗ "ಇನ್ನೊಮ್ಮೆ ಓದು" ಎಂದರು. ಅಜ್ಜಿ ಅವರ ತಾಯಿ. ಎಷ್ಟೋ ಹೊತ್ತು ಮಗ್ಗ ನಡೆಯಲಿಲ್ಲ.

ಅಯ್ಯನವರ ಬಳಿ ಹೋಗಿ ಮಾತಾಡಿದೆ. ಆ ರಾತ್ರಿ ಬರಲಾಗಲಿಲ್ಲವೆಂದು ಅವರು ಇನ್ನೂ ಕೊರಗುತ್ತಿದ್ದಾರೆ. ಸಮಿತಿಯ ಮುಂದೆ ನನ್ನ ಹೆಸರು ಇಟ್ಟಿದ್ದಾರೆ. ಇಬ್ಬರು ಹಿರಿಯರು ಹೆಣ್ಣುಮಗಳು ಎಂದು ತಡೆದರು, ನಾಲ್ವರು ಒಪ್ಪಿದರು. ಧಾರವಾಡದ ಸಂದರ್ಶನ ಇನ್ನು ಆಗಬೇಕು. ಎಲ್ಲಿಗೆ ಕಳುಹಿಸುತ್ತಾರೋ ಅಲ್ಲಿಗೆ ಹೋಗುತ್ತೇನೆ, ಆದರೆ ಕೇಳಿದರೆ ಬಲ್ಮಠ ಎನ್ನುತ್ತೇನೆ. ಬೆನ್ಸನ್ ಟೌನ್ ಅಕ್ಕಾ, ನಿಮ್ಮ ಮಾತನ್ನೂ ಮರೆತಿಲ್ಲ. ದಿನವೂ ಎರಡು ಪುಟ ಇಂಗ್ಲಿಷ್ ವ್ಯಾಖ್ಯಾನ ಓದಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಪ್ಪು ತಿದ್ದಲು ನಿಮಗೆ ಕಳುಹಿಸಬಹುದೇ?

ಹೀಬ್ರೂ ಅಕ್ಷರಗಳನ್ನು ಈಗಿನಿಂದಲೇ ಕಲಿಯಲು ಶುರು ಮಾಡಿದ್ದೇನೆ. ಬಲದಿಂದ ಎಡಕ್ಕೆ ಬರೆಯುವಾಗ ಕೈ ತಾನೇ ಎಡದಿಂದ ಹೊರಡುತ್ತದೆ. ಕನ್ನಡದಲ್ಲಿ ವಿವರಣೆ ಇರುವ ಹೀಬ್ರೂ ಪ್ರವೇಶಿಕೆ ಯಾರ ಬಳಿಯಾದರೂ ಇದೆಯೇ?

ಬೆನ್ಸನ್ ಟೌನ್ ನೆನಪು

ಕಳುಹಿಸು. ಪ್ರತಿ ಶನಿವಾರ ನೋಡಿ ತಿದ್ದಿ ಕಳುಹಿಸುತ್ತೇನೆ.

ಬಲ್ಮಠದ ಹಳೆಯ ವಿದ್ಯಾರ್ಥಿ

ಅಚ್ಚಾದ ಪುಸ್ತಕ ನನ್ನ ಬಳಿ ಇಲ್ಲ. ಗುರುಗಳು ಕನ್ನಡದಲ್ಲಿ ಹೇಳಿ ಬರೆಸಿದ ಟಿಪ್ಪಣಿಯ ಇನ್ನೂರು ಪುಟದ ನೋಟ್ ಪುಸ್ತಕವಿದೆ, ಅಂಚಿನಲ್ಲಿ ನನ್ನ ತಪ್ಪುಗಳೂ ಅವರ ಕೆಂಪು ಶಾಯಿಯೂ ಇವೆ. ಮಂಗಳವಾರ ನಮ್ಮ ಸಭೆಯ ಒಬ್ಬರು ಹುಬ್ಬಳ್ಳಿಗೆ ಬರುತ್ತಾರೆ, ಅವರ ಕೈಯಲ್ಲಿ ಕೊಟ್ಟು ಕಳುಹಿಸುತ್ತೇನೆ. ನಕಲು ಮಾಡಿಕೊಂಡು ಹಿಂದಿರುಗಿಸು. ನಲವತ್ತೊಂದನೆಯ ಪುಟ ನೋಡು, ಶೂವ್, ಅಂದರೆ ಮರಳು, ಎಂಬ ಧಾತುವಿನ ರೂಪಗಳೆಲ್ಲ ಅಲ್ಲಿವೆ.